ನೋವಿನ ಮಾತ್ರೆ ಮತ್ತು ಶರೀರವೆಂಬ ಅಮಾನತ್

(ಜುಮಾ ನಮಾಝಿನ ಬಳಿಕ ಮಸೀದಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

 



ಇವತ್ತಿನ ವಿಷಯ ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ನಿಮ್ಮ ಮನೆಯ ಫ್ರಿಡ್ಜ್ ಮೇಲಿರುವ ಡಬ್ಬಿಯ ಬಗ್ಗೆ ನಾನು ಮಾತಾಡಲಿದ್ದೇನೆ. ಹಳೆಯ ಬಿಸ್ಕತ್ ಡಬ್ಬಿಯೋ ಐಸ್‌ಕ್ರೀಂ ಡಬ್ಬಿಯೋ ಇರಬಹುದು. ಅದರೊಳಗೆ ಅರ್ಧ ಕತ್ತರಿಸಿದ ಮಾತ್ರೆಯ ಪಟ್ಟಿಗಳು, ಮಗುವಿನ ಹಳೆಯ ಸಿರಪ್, ಗಲ್ಫ್‌ನಿಂದ ತಮ್ಮ ತಂದ ಪನಡೋಲ್, ಯಾವಾಗಲೋ ಬೆನ್ನು ನೋವಿಗೆ ಬರೆದುಕೊಟ್ಟ ಗುಳಿಗೆ ಎಲ್ಲವೂ ಇರುತ್ತವೆ. ತಲೆ ನೋವು ಬಂದರೆ ಕೈ ಅಲ್ಲಿಗೇ ಹೋಗುತ್ತದೆ. ಕೈಗೆ ಸಿಕ್ಕಿದ್ದನ್ನು ನುಂಗುತ್ತೇವೆ. ನೋವು ಹೋಗುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇವೆ.

ಮುಗಿಯುವುದಿಲ್ಲ ಎಂಬುದನ್ನು ನನಗೆ ನನ್ನ ಉಮ್ಮ ಕಲಿಸಿದರು. ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ಉಮ್ಮನಿಗೆ ಮೊಣಕಾಲು ನೋವಿತ್ತು. ಸುಜೂದ್‌ಗೆ ಹೋದರೆ ಏಳಲು ಆಗುತ್ತಿರಲಿಲ್ಲ. ಡಾಕ್ಟರರಿಗೆ ತೋರಿಸಿದೆವು. ಹತ್ತು ದಿನಕ್ಕೆಂದು ಡೈಕ್ಲೋಫೆನಾಕ್ ಮಾತ್ರೆ ಬರೆದುಕೊಟ್ಟರು. ಮೂರನೆಯ ದಿನಕ್ಕೇ ನೋವು ಇಳಿಯಿತು. ಉಮ್ಮ ಕುರ್ಚಿಯಿಲ್ಲದೆ ನಮಾಝ್ ಮಾಡಿದರು. ಆ ಖುಷಿಯಲ್ಲಿ ನನಗೆ ದುಆ ಮಾಡಿದರು. ಹತ್ತು ದಿನ ಮುಗಿದ ಮೇಲೆ ನೋವು ಮತ್ತೆ ಬಂತು. ನಾನು ಖಾಲಿ ಪಟ್ಟಿ ಹಿಡಿದುಕೊಂಡು ಮದ್ದಿನಂಗಡಿಗೆ ಹೋದೆ. ಅವರು ಪಟ್ಟಿ ನೋಡಿ ಅದನ್ನೇ ಕೊಟ್ಟರು. ಮುಂದಿನ ತಿಂಗಳೂ ಹಾಗೆಯೇ. ಹೀಗೆ ಎರಡು ವರ್ಷ. ಉಮ್ಮನಿಗೆ ರಕ್ತದೊತ್ತಡದ ಮಾತ್ರೆಯೂ ಇತ್ತು. ಎರಡನ್ನೂ ಒಟ್ಟಿಗೆ ನಾನೇ ಅವರ ಕೈಗೆ ಕೊಡುತ್ತಿದ್ದೆ, ನೀರು ಕೊಡುತ್ತಿದ್ದೆ. ತಾಯಿಯ ಸೇವೆಯ ಬಗ್ಗೆ ಇದೇ ಮಿಂಬರ್‌ನಿಂದ ಎಷ್ಟೋ ಸಲ ಮಾತಾಡಿದವನು ನಾನು. ಅದನ್ನೇ ಮಾಡುತ್ತಿದ್ದೇನೆ ಎಂದು ನನಗೆ ಒಳಗೊಳಗೇ ತೃಪ್ತಿಯಿತ್ತು.

ಒಂದು ರಮಝಾನಿನಲ್ಲಿ, ಬೇಸಿಗೆಯ ಸೆಕೆಯಲ್ಲಿ, ಅವರ ಪಾದಗಳು ಊದಿದವು. ವಾಂತಿ ಶುರುವಾಯಿತು. ಮೂತ್ರ ಕಡಿಮೆಯಾಯಿತು. ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯೇಟಿನಿನ್ ಇರಬೇಕಾದುದಕ್ಕಿಂತ ನಾಲ್ಕು ಪಟ್ಟು ಹೆಚ್ಚಿತ್ತು. ಎಂದರೆ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಾ ಬಂದಿದ್ದವು. ಡಾಕ್ಟರರು ಕೇಳಿದ ಮೊದಲ ಪ್ರಶ್ನೆ, "ನೋವಿನ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾರಾ?" ನಾನು ಜೇಬಿನಿಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. "ಯಾರು ಹೇಳಿದ್ದು ಇದನ್ನು ಮುಂದುವರಿಸಲು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಯಾರೂ ಹೇಳಿರಲಿಲ್ಲ. ನಾನೇ ತಂದುಕೊಟ್ಟಿದ್ದೆ.

ಅಲ್‌ಹಮ್ದುಲಿಲ್ಲಾಹ್, ಉಮ್ಮ ಇದ್ದಾರೆ. ಡಯಾಲಿಸಿಸ್‌ವರೆಗೆ ಹೋಗಲಿಲ್ಲ. ಆದರೆ ಹೋದ ಶಕ್ತಿಯ ಒಂದು ಪಾಲು ಮಾತ್ರ ಮರಳಿ ಬಂತು. ಇಂದಿಗೂ ಉಪ್ಪು ಅಳೆದು ತಿನ್ನಬೇಕು, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. ಉಪವಾಸ ಹಿಡಿಯುವಂತಿಲ್ಲ. ರಮಝಾನ್ ಬಂದಾಗ ಅವರು ಅಳುವುದನ್ನು ನಾನು ನೋಡುತ್ತೇನೆ.

ನಾನು ವೈದ್ಯನಲ್ಲ. ಆದರೆ ಆ ಮೇಲೆ ಕೇಳಿ, ಓದಿ ತಿಳಿದುಕೊಂಡೆ. ಇವತ್ತು ಹೇಳುವುದನ್ನು ನಮ್ಮ ಜಮಾಅತ್‌ನ ಒಬ್ಬ ವೈದ್ಯರಿಗೂ ಒಬ್ಬ ಫಾರ್ಮಸಿಸ್ಟ್‌ಗೂ ಮೊದಲೇ ತೋರಿಸಿ ತಿದ್ದಿಸಿಕೊಂಡಿದ್ದೇನೆ.

ಮದ್ದು ಬೇಡವೆಂದಲ್ಲ

ಸಹೋದರರೇ, ನೋವನ್ನು ಸಹಿಸಿಕೊಂಡೇ ಇರಬೇಕು, ಮಾತ್ರೆ ತಿನ್ನುವುದು ತವಕ್ಕುಲ್‌ಗೆ ವಿರುದ್ಧ ಎಂದು ನಾನು ಹೇಳುತ್ತಿಲ್ಲ. ಚಿಕಿತ್ಸೆ ಪಡೆಯುವಂತೆ ಪ್ರವಾದಿ(ಸ)ರು ತಮ್ಮ ಸಹಚರರಿಗೆ ಹೇಳಿದ್ದನ್ನು ಹದೀಸ್ ಗ್ರಂಥಗಳಲ್ಲಿ ನಾವು ಕಾಣುತ್ತೇವೆ. ನಮ್ಮ ಶರೀರಕ್ಕೆ ನಮ್ಮ ಮೇಲೆ ಹಕ್ಕಿದೆ ಎಂದೂ ಅವರು ಕಲಿಸಿದ್ದಾರೆ. ಜೊತೆಗೆ, ವೈದ್ಯಕೀಯ ತಿಳಿಯದೆ ಚಿಕಿತ್ಸೆ ಮಾಡುವವನು ಅದರ ಹಾನಿಗೆ ಹೊಣೆಗಾರ ಎಂಬ ಎಚ್ಚರಿಕೆಯೂ ಇದೆ. ಪಕ್ಕದ ಮನೆಯವರಿಗೆ "ಇದು ತಿನ್ನು, ನನಗೆ ಒಳ್ಳೆಯದಾಗಿದೆ" ಎಂದು ಮಾತ್ರೆ ಹಂಚುವವರೆಲ್ಲ ಇದನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ನಮ್ಮ ಪೂರ್ವಿಕರು ಮದ್ದನ್ನು ಹಗುರವಾಗಿ ಕಂಡವರಲ್ಲ. ಅಲ್ ಬೀರೂನಿಯವರು ಔಷಧಗಳ ಹೆಸರು, ಗುಣಗಳ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದರು. ಹಿಂದಿನ ಮುಸ್ಲಿಂ ಪಟ್ಟಣಗಳಲ್ಲಿ ಪೇಟೆಯ ತಕ್ಕಡಿಯನ್ನು ಪರೀಕ್ಷಿಸುತ್ತಿದ್ದ ಮುಹ್ತಸಿಬ್ ಎಂಬ ಅಧಿಕಾರಿಯೇ ಮದ್ದಿನಂಗಡಿಯನ್ನೂ ಪರೀಕ್ಷಿಸುತ್ತಿದ್ದ. ಮದ್ದಿಗೂ ತೂಕವಿದೆ, ಅಳತೆಯಿದೆ ಎಂಬುದು ಅವರಿಗೆ ಗೊತ್ತಿತ್ತು.

ಹಾಗಾದರೆ ನಾವು ತಿಳಿದಿರಬೇಕಾದದ್ದು ಏನು?

ಎರಡು ಕುಟುಂಬಗಳು

ಅಂಗಡಿಯಲ್ಲಿ ನೋವಿನ ಮಾತ್ರೆಯ ಹೆಸರು ನೂರಾರು. ಆದರೆ ಸಾಮಾನ್ಯವಾಗಿ ನಾವು ಕೊಳ್ಳುವವು ಎರಡೇ ಕುಟುಂಬಕ್ಕೆ ಸೇರಿದವು.

ಒಂದು, ಪ್ಯಾರಸಿಟಮಾಲ್. ಡೋಲೋ, ಕ್ರೋಸಿನ್, ಕಾಲ್ಪಾಲ್, ಗಲ್ಫ್‌ನಿಂದ ಬರುವ ಪನಡೋಲ್ ಎಲ್ಲದರೊಳಗೂ ಇರುವುದು ಇದೇ. ಅಮೆರಿಕದಲ್ಲಿ ಇದನ್ನೇ ಅಸಿಟಮಿನೋಫೆನ್ ಎನ್ನುತ್ತಾರೆ.

ಇನ್ನೊಂದು, ಉರಿಯೂತ ಇಳಿಸುವ ಮಾತ್ರೆಗಳ ಕುಟುಂಬ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನಾಪ್ರೋಕ್ಸೆನ್, ಮೆಫೆನಾಮಿಕ್ ಆಸಿಡ್, ನಿಮೆಸುಲೈಡ್, ಆಸ್ಪಿರಿನ್ ಇವೆಲ್ಲ ಅಣ್ಣತಮ್ಮಂದಿರು. ಬ್ರೂಫೆನ್, ವೋವೆರಾನ್, ಡಿಸ್ಪ್ರಿನ್ ಮುಂತಾದ ಹೆಸರುಗಳಲ್ಲಿ ಬರುತ್ತವೆ. ಕಾಂಬಿಫ್ಲಾಮ್‌ನಂಥವು ಎರಡೂ ಕುಟುಂಬಗಳ ಮಿಶ್ರಣ. ಅದರಲ್ಲಿ ಐಬುಪ್ರೊಫೆನ್ ಇದೆ, ಪ್ಯಾರಸಿಟಮಾಲೂ ಇದೆ.

ಆದ್ದರಿಂದ ಮೊದಲ ಪಾಠ ಇದು: ಕಂಪನಿ ಇಟ್ಟ ಹೆಸರನ್ನು ಓದಬೇಡಿ, ಮದ್ದಿನ ಹೆಸರನ್ನು ಓದಿ. ಇಂಗ್ಲಿಷ್ ಓದಲು ಬಾರದ ಹಿರಿಯರಿದ್ದರೆ ಮನೆಯ ಮಕ್ಕಳಿಂದ ಓದಿಸಿ.

ಪ್ಯಾರಸಿಟಮಾಲ್: ಒಳ್ಳೆಯದು, ಮಿತಿಯೊಳಗೆ

ಜ್ವರ, ತಲೆ ನೋವು, ಮೈಕೈ ನೋವಿಗೆ ಮೊದಲ ಆಯ್ಕೆ ಇದೇ. ಹೊಟ್ಟೆಗೂ ಮೂತ್ರಪಿಂಡಕ್ಕೂ ಎರಡನೆಯ ಕುಟುಂಬದಷ್ಟು ತೊಂದರೆ ಕೊಡುವುದಿಲ್ಲ. ಹೆಚ್ಚಿನವರಿಗೆ ಸರಿಯಾದ ಅಳತೆಯಲ್ಲಿ ಇದು ಸುರಕ್ಷಿತ.

ಅಳತೆ ಏನು? ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 500 ಅಥವಾ 650 ಮಿಲಿಗ್ರಾಂ. ಎರಡು ಸಲಗಳ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಅಂತರ. ಇಡೀ ದಿನದಲ್ಲಿ ಯಾವ ಕಾರಣಕ್ಕೂ 4000 ಮಿಲಿಗ್ರಾಂ ದಾಟಬಾರದು. 3000ದೊಳಗೆ ನಿಲ್ಲಿಸುವುದು ಒಳ್ಳೆಯದು ಎಂದು ಅನೇಕ ವೈದ್ಯರು ಹೇಳುತ್ತಾರೆ. ಯಕೃತ್ತಿನ ಕಾಯಿಲೆ ಇರುವವರು, ತೀರಾ ತೂಕ ಕಡಿಮೆ ಇರುವವರು, ಸರಿಯಾಗಿ ಊಟ ಸೇರದ ವೃದ್ಧರು ಇನ್ನೂ ಕಡಿಮೆ ತೆಗೆದುಕೊಳ್ಳಬೇಕು. ಎಷ್ಟೆಂದು ವೈದ್ಯರನ್ನು ಕೇಳಬೇಕು.

"ನಾನೇನು ಅಷ್ಟು ತಿನ್ನುತ್ತೇನೆಯೇ?" ಎಂದು ನೀವು ಕೇಳಬಹುದು. ಒಂದು ಲೆಕ್ಕ ನೋಡಿ. ಒಬ್ಬರಿಗೆ ಜ್ವರ, ಶೀತ ಎರಡೂ ಬಂದಿದೆ. ಜ್ವರಕ್ಕೆ 650ರ ಮಾತ್ರೆ ದಿನಕ್ಕೆ ನಾಲ್ಕು. ಆಯಿತು 2600. ಶೀತಕ್ಕೆಂದು ಬೇರೆ ಮಾತ್ರೆ ದಿನಕ್ಕೆ ಮೂರು. ಶೀತದ ಹೆಚ್ಚಿನ ಮಾತ್ರೆಗಳೊಳಗೂ ಪ್ಯಾರಸಿಟಮಾಲ್ ಇರುತ್ತದೆ. ಅದರಲ್ಲಿ 500 ಇದ್ದರೆ ಮೂರಕ್ಕೆ 1500. ಅಲ್ಲಿಗೆ 4100, ಮಿತಿ ದಾಟಿತು. ಮೈಕೈ ನೋವಿಗೆಂದು ಮಿಶ್ರಣದ ಮಾತ್ರೆ ಸೇರಿದರೆ ಐದು ಸಾವಿರದ ಹತ್ತಿರ. ಆ ವ್ಯಕ್ತಿ ಮೂರು ಬೇರೆ ಬೇರೆ ಮದ್ದು ತಿಂದೆ ಎಂದುಕೊಂಡಿದ್ದಾನೆ. ನಿಜದಲ್ಲಿ ಒಂದನ್ನೇ ಮೂರು ಕಡೆಯಿಂದ ತಿಂದಿದ್ದಾನೆ.

ಹೆಚ್ಚಾದರೆ ಏಟು ಬೀಳುವುದು ಯಕೃತ್ತಿಗೆ. ಅದು ಮೋಸದ ಏಟು. ಮೊದಲ ದಿನ ಸ್ವಲ್ಪ ವಾಕರಿಕೆ ಬಿಟ್ಟರೆ ಏನೂ ಗೊತ್ತಾಗದಿರಬಹುದು. ಎರಡು ಮೂರು ದಿನ ಕಳೆದ ಮೇಲೆ ಕಣ್ಣು ಹಳದಿಯಾಗುತ್ತದೆ, ಹೊತ್ತು ಮೀರಿರುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಆಸ್ಪತ್ರೆಗಳಲ್ಲಿದೆ. ನುಂಗಿದ ಎಂಟು ಗಂಟೆಯೊಳಗೆ ಕೊಟ್ಟರೆ ಅದು ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಮಗು ಬಾಟಲಿ ಖಾಲಿ ಮಾಡಿದರೆ, ದೊಡ್ಡವರು ತಪ್ಪಿ ಹೆಚ್ಚು ನುಂಗಿದರೆ, "ನೋಡುವಾ, ಏನಾದರೂ ಆದರೆ ಹೋಗುವಾ" ಎಂದು ಕಾಯಬೇಡಿ. ಏನೂ ಆಗದಿರುವಾಗಲೇ ಹೋಗಬೇಕು. ಖಾಲಿ ಪಟ್ಟಿ ಅಥವಾ ಬಾಟಲಿಯನ್ನು ಜೊತೆಗೆ ಒಯ್ಯಿರಿ.

ಎರಡನೆಯ ಕುಟುಂಬ: ಬಲವೂ ಇದೆ, ಬೆಲೆಯೂ ಇದೆ

ಈ ಮಾತ್ರೆಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು 1971ರಲ್ಲಿ ಜಾನ್ ವೇನ್ ಎಂಬ ಬ್ರಿಟಿಷ್ ವಿಜ್ಞಾನಿ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಶರೀರದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುಗಳು ಉಂಟಾಗುತ್ತವೆ. ಗಾಯವಾದಲ್ಲಿ ನೋವು, ಊತ ತರುವುದು ಅವೇ. ಮಾತ್ರೆ ಅವುಗಳ ಉತ್ಪತ್ತಿಯನ್ನು ತಡೆಯುತ್ತದೆ, ನೋವು ಇಳಿಯುತ್ತದೆ. ಆದರೆ ಅಲ್ಲಾಹನು ಆ ವಸ್ತುಗಳಿಗೆ ಬೇರೆ ಕೆಲಸಗಳನ್ನೂ ಕೊಟ್ಟಿದ್ದಾನೆ. ಜಠರದ ಒಳಗೋಡೆಯನ್ನು ಅದರದೇ ಆಮ್ಲದಿಂದ ಕಾಪಾಡುವುದು ಅವು. ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳಗಳನ್ನು ತೆರೆದಿಡುವುದೂ ಅವು. ಮಾತ್ರೆಗೆ ಮೊಣಕಾಲು ಯಾವುದು, ಮೂತ್ರಪಿಂಡ ಯಾವುದು ಎಂದು ಗೊತ್ತಿಲ್ಲ. ಎಲ್ಲ ಕಡೆಯೂ ತಡೆಯುತ್ತದೆ.

ಇದನ್ನು ಅರ್ಥ ಮಾಡಿಕೊಂಡರೆ ನಮ್ಮಲ್ಲಿರುವ ಎರಡು ತಪ್ಪು ತಿಳುವಳಿಕೆ ತಾನಾಗಿ ಹೋಗುತ್ತದೆ. "ಇಂಜೆಕ್ಷನ್ ಹಾಕಿಸಿದರೆ ಹೊಟ್ಟೆಗೆ ತೊಂದರೆಯಿಲ್ಲ" ಎನ್ನುತ್ತಾರೆ. ತಪ್ಪು. ಹಾನಿ ಆಗುವುದು ರಕ್ತದ ಮೂಲಕವೂ. "ಗ್ಯಾಸಿನ ಮಾತ್ರೆ ಜೊತೆಗೆ ತಿನ್ನುತ್ತೇನೆ, ಏನೂ ಆಗಲ್ಲ" ಎನ್ನುತ್ತಾರೆ. ಅದು ಜಠರವನ್ನು ಒಂದು ಮಟ್ಟಿಗೆ ಕಾಪಾಡೀತು. ಮೂತ್ರಪಿಂಡವನ್ನು ಕಾಪಾಡುವುದಿಲ್ಲ. ನನ್ನ ಉಮ್ಮನಿಗೂ ಗ್ಯಾಸಿನ ಮಾತ್ರೆ ಕೊಡುತ್ತಿದ್ದೆ.

ಒಂದು ನಿದರ್ಶನ ಹೇಳುತ್ತೇನೆ. ನಮ್ಮ ದೇಶದ ಆಕಾಶದಲ್ಲಿ ಒಂದು ಕಾಲಕ್ಕೆ ರಣಹದ್ದುಗಳು ಎಷ್ಟಿದ್ದವೆಂದು ಹಿರಿಯರನ್ನು ಕೇಳಿ. 1990ರ ದಶಕದಲ್ಲಿ ಅವು ಸಾಲು ಸಾಲಾಗಿ ಸತ್ತವು. ಕೆಲವು ಜಾತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಶವಾದವು. ಕಾರಣ ತಿಳಿದದ್ದು 2004ರ ಹೊತ್ತಿಗೆ. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಹಾಳು ಮಾಡುತ್ತಿತ್ತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ಭಾರತದಲ್ಲಿ ನಿಷೇಧಿಸಲಾಯಿತು. ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಹದ್ದುಗಳಿಗಾಗಿ ರಕ್ಷಿತಾರಣ್ಯವನ್ನೇ ಮಾಡಬೇಕಾಯಿತು. ಮನುಷ್ಯರು ಹದ್ದುಗಳಷ್ಟು ಸೂಕ್ಷ್ಮರಲ್ಲ, ನಿಜ. ಒಂದೆರಡು ಮಾತ್ರೆಯಿಂದ ಆರೋಗ್ಯವಂತರಿಗೆ ಹೀಗಾಗುವುದಿಲ್ಲ. ಆದರೆ ಆ ಮದ್ದಿನ ಕೈ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಆ ಮೂಕ ಪಕ್ಷಿಗಳು ನಮಗೆ ತೋರಿಸಿ ಹೋದವು.

ಈ ಕುಟುಂಬದ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮುಟ್ಟಬಾರದವರು ಯಾರು? ದಯವಿಟ್ಟು ಗಮನವಿಟ್ಟು ಕೇಳಿ.

ಮೂತ್ರಪಿಂಡದ ತೊಂದರೆ ಇರುವವರು. ಹೊಟ್ಟೆಯಲ್ಲಿ ಹುಣ್ಣು ಆಗಿದ್ದವರು, ಒಮ್ಮೆಯಾದರೂ ಹೊಟ್ಟೆಯೊಳಗೆ ರಕ್ತಸ್ರಾವವಾದವರು. ಹೃದಯದ ಕಾಯಿಲೆ ಇರುವವರು, ಪಾರ್ಶ್ವವಾಯು ಆದವರು. ರಕ್ತ ತೆಳುವಾಗಿಸುವ ಮದ್ದು ತಿನ್ನುವವರು. ಅರವತ್ತು ದಾಟಿದವರು. ಆಸ್ತಮಾ ಇರುವವರು, ಏಕೆಂದರೆ ಅವರಲ್ಲಿ ಕೆಲವರಿಗೆ ಇದರಿಂದಲೇ ಉಬ್ಬಸ ಕೆರಳುತ್ತದೆ. ಗರ್ಭಿಣಿಯರು, ಅದರಲ್ಲೂ ಐದನೆಯ ತಿಂಗಳಿನಿಂದ ಮುಂದೆ. ಮಗುವಿನ ಮೂತ್ರಪಿಂಡಕ್ಕೂ ಹೃದಯದ ರಕ್ತನಾಳಕ್ಕೂ ತೊಂದರೆಯಾಗಬಹುದು.

ಮತ್ತೆ, ರಕ್ತದೊತ್ತಡದ ಮದ್ದು ತಿನ್ನುವವರು. ಕೆಲವು ಬಿಪಿ ಮಾತ್ರೆಗಳು, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆ. ಈ ಮೂರು ಒಂದಾದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಪೆಟ್ಟು. ಕೆಲವರಿಗೆ ಒಂದೇ ಬಿಪಿ ಮಾತ್ರೆಯಲ್ಲಿ ಮೊದಲೆರಡೂ ಸೇರಿರುತ್ತವೆ, ಅವರಿಗೇ ಗೊತ್ತಿರುವುದಿಲ್ಲ. ನನ್ನ ಉಮ್ಮನಿಗೆ ಆದದ್ದು ಇದೇ. ಹೃದಯಕ್ಕೆಂದು ದಿನವೂ ಸಣ್ಣ ಆಸ್ಪಿರಿನ್ ತಿನ್ನುವವರೂ ಗಮನಿಸಿ: ಐಬುಪ್ರೊಫೆನ್ ಅದರ ಕೆಲಸವನ್ನು ಕೆಡಿಸಬಹುದು. ಹಾಗೆಂದು ನನ್ನ ಭಾಷಣ ಕೇಳಿ ಆಸ್ಪಿರಿನ್ ನಿಲ್ಲಿಸಬೇಡಿ. ಡಾಕ್ಟರರು ಬರೆದ ಯಾವ ಮದ್ದನ್ನೂ ತಾವಾಗಿ ನಿಲ್ಲಿಸಬೇಡಿ. ಹೋಗಿ ಕೇಳಿ.

ಮೇಲಿನ ಯಾವುದೂ ಇಲ್ಲದ ಆರೋಗ್ಯವಂತರಿಗೆ, ಉಳುಕು, ಹಲ್ಲು ನೋವು, ಸಹೋದರಿಯರ ತಿಂಗಳ ನೋವು ಇಂಥವಕ್ಕೆ ಐಬುಪ್ರೊಫೆನ್ ಚೆನ್ನಾಗಿ ಕೆಲಸ ಮಾಡುತ್ತದೆ. ಊಟದ ಜೊತೆಗೆ, ಸಾಕಷ್ಟು ನೀರಿನೊಂದಿಗೆ, ಒಂದು ಸಲಕ್ಕೆ 200ರಿಂದ 400 ಮಿಲಿಗ್ರಾಂ. ವೈದ್ಯರು ಹೇಳದೆ ದಿನಕ್ಕೆ 1200 ದಾಟಬಾರದು. ಎರಡು ಮೂರು ದಿನ ಸಾಕು. ಈ ಕುಟುಂಬದ ಎರಡು ಮಾತ್ರೆಗಳನ್ನು ಒಟ್ಟಿಗೆ ಎಂದಿಗೂ ತಿನ್ನಬಾರದು. ಮೊಣಕಾಲು ನೋವಿರುವ ಹಿರಿಯರಿಗೆ ಮೇಲೆ ಹಚ್ಚುವ ಜೆಲ್ ಒಳ್ಳೆಯ ದಾರಿ. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಉಮ್ಮನಿಗೆ ಮೊದಲೇ ಅದನ್ನು ಕೇಳಿ ತರಬಹುದಿತ್ತು. ತೂಕ ಇಳಿಸುವುದು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಮಾಡುವುದು, ಕುರ್ಚಿಯಲ್ಲಿ ನಮಾಝ್ ಮಾಡುವುದು ಇವೂ ಚಿಕಿತ್ಸೆಯೇ. ಕುರ್ಚಿಯಲ್ಲಿ ನಮಾಝ್ ಮಾಡಲು ನಾಚಿ ಮಾತ್ರೆ ನುಂಗುವವರಿದ್ದಾರೆ. ಅಲ್ಲಾಹನು ಕೊಟ್ಟ ರಿಯಾಯಿತಿಗೆ ನಾಚಬೇಕೇ?

ಮಕ್ಕಳು ಮತ್ತು ಜ್ವರ

ಮಳೆಗಾಲ ಬಂತೆಂದರೆ ನಮ್ಮೂರುಗಳಲ್ಲಿ ಡೆಂಗಿ. ಡೆಂಗಿಯಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವದ ಅಪಾಯವಿರುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಅದನ್ನು ಹೆಚ್ಚಿಸುತ್ತವೆ. ಜ್ವರ ಯಾವುದೆಂದು ತಿಳಿಯುವವರೆಗೆ ಪ್ಯಾರಸಿಟಮಾಲ್ ಮಾತ್ರ. "ಮೈಕೈ ನೋವು ಜಾಸ್ತಿ" ಎಂದು ಬೇರೆ ಮಾತ್ರೆ, ನೋವಿನ ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳಬೇಡಿ.

ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ವೈರಸ್ ಜ್ವರವಿರುವ ಮಕ್ಕಳಲ್ಲಿ ಅದು ಮೆದುಳು, ಯಕೃತ್ತಿಗೆ ಹಾನಿ ಮಾಡುವ ರೀಸ್ ಸಿಂಡ್ರೋಮ್ ಎಂಬ ಅಪರೂಪದ ಆದರೆ ಭಯಂಕರ ಕಾಯಿಲೆ ತರಬಹುದು. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತ ಸರಕಾರ 2011ರಲ್ಲೇ ನಿಷೇಧಿಸಿದೆ. ಹಳೆಯ ಚೀಟಿ ನೋಡಿ ಕೊಡಬೇಡಿ.

ಪ್ಯಾರಸಿಟಮಾಲನ್ನು ಮಗುವಿಗೆ ಕೊಡುವುದು ವಯಸ್ಸು ನೋಡಿಯಲ್ಲ, ತೂಕ ನೋಡಿ. ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಹನ್ನೆರಡು ಕಿಲೋದ ಮಗುವಿಗೆ 120ರಿಂದ 180. ಈಗ ಬಾಟಲಿ ನೋಡಿ. ಒಂದು ಸಿರಪ್‌ನಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ ಅಷ್ಟಕ್ಕೇ 250. ಕೂಸುಗಳಿಗೆ ಕೊಡುವ ಡ್ರಾಪ್ಸ್‌ನಲ್ಲಿ ಒಂದೇ ಮಿಲಿಲೀಟರಿಗೆ 100. ಡ್ರಾಪ್ಸ್ ಬಾಟಲಿಯನ್ನು ಸಿರಪ್ ಎಂದುಕೊಂಡು 5 ಮಿಲಿಲೀಟರ್ ಕುಡಿಸಿದರೆ 500 ಮಿಲಿಗ್ರಾಂ. ಅದು ದೊಡ್ಡವರ ಒಂದು ಮಾತ್ರೆ! ರಾತ್ರಿ ನಿದ್ದೆಗಣ್ಣಿನಲ್ಲಿ, ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೊಡುವಾಗ ಇಂಥ ತಪ್ಪು ಸುಲಭ. ಆದ್ದರಿಂದ ಲೈಟ್ ಹಾಕಿ, ಓದಿ, ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳದಲ್ಲೇ ಕೊಡಿ. ಅಡುಗೆ ಮನೆಯ ಚಮಚ ಬೇಡ. ಕೊಟ್ಟ ಹೊತ್ತನ್ನು ಬರೆದಿಡಿ. ಇಲ್ಲದಿದ್ದರೆ ಉಮ್ಮ ಕೊಟ್ಟದ್ದು ಗೊತ್ತಿಲ್ಲದೆ ಅಜ್ಜಿಯೂ ಕೊಡುತ್ತಾರೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು ಬೇಡ, ನೇರ ವೈದ್ಯರ ಬಳಿಗೆ.

ಕೆಂಪು ಗೆರೆ

ಕೆಲವು ಮಾತ್ರೆಯ ಪಟ್ಟಿಯ ಹಿಂದೆ ಎಡ ಬದಿಗೆ ಉದ್ದಕ್ಕೂ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರರ ಚೀಟಿಯಿಲ್ಲದೆ ಇದನ್ನು ತಿನ್ನಬಾರದು ಎಂಬುದು ಅದರ ಅರ್ಥ. ಎರಡು ವರ್ಷ ನಾನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ ಪಟ್ಟಿಯ ಮೇಲೂ ಆ ಗೆರೆ ಇತ್ತು. ಅಂಗಡಿಯವರು ಕೊಟ್ಟರು ಎಂಬುದು ನಿಜ. ಆದರೆ ಕೇಳಿ ಪಡೆದವನು ನಾನು. ನಾಳೆ ನನ್ನ ಲೆಕ್ಕ ನಾನೇ ಕೊಡಬೇಕು.

ಬೆಲೆಯ ಚಿಂತೆ ಇರುವವರು ಜನೌಷಧಿ ಕೇಂದ್ರದಲ್ಲಿ ಕೇಳಿ. ಅದೇ ಮದ್ದು ಕಡಿಮೆ ಬೆಲೆಗೆ ಸಿಗುತ್ತದೆ. ಅದರ ಬದಲು ಹೆಸರಿಲ್ಲದ ಪೊಟ್ಟಣದಲ್ಲಿ "ಎಲ್ಲ ಗಂಟು ನೋವಿಗೂ ಒಂದೇ ದಿನದಲ್ಲಿ ಪರಿಹಾರ" ಎಂದು ಮಾರುವ ಪುಡಿ ತರಬೇಡಿ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್, ನೋವಿನ ಮಾತ್ರೆಯ ಪುಡಿ ಬೆರೆಸಿದ್ದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಒಂದೇ ದಿನದಲ್ಲಿ ನೋವು ಹೋಗುವುದರ ಗುಟ್ಟು ಅದೇ.

ಗಲ್ಫ್‌ಗೆ, ಹಜ್ಜ್ ಉಮ್ರಾಕ್ಕೆ ಹೋಗುವವರಿಗೆ ಒಂದು ಮಾತು. ಟ್ರಮಡಾಲ್, ಕೊಡೀನ್ ಇರುವ ನೋವಿನ ಮದ್ದುಗಳು ಅಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿವೆ. ಚೀಟಿ, ಅನುಮತಿ ಇಲ್ಲದೆ ಒಯ್ದರೆ ಜೈಲಿನ ಸಂಕಟ ಬರಬಹುದು. ಬೇರೆಯವರು "ನಮ್ಮ ಮಗನಿಗೆ ಕೊಡಿ" ಎಂದು ಕೊಡುವ ಮದ್ದಿನ ಪೊಟ್ಟಣ ಬಿಡಿಸಿ ನೋಡದೆ ಒಯ್ಯಬೇಡಿ.

ರಮಝಾನಿನಲ್ಲಿ

ಸಹರಿಗೆ ಎದ್ದಾಗ "ಹಗಲಿಗೆ ತಲೆ ನೋವು ಬಾರದಿರಲಿ" ಎಂದು ಮುಂಚಿತವಾಗಿ ನೋವಿನ ಮಾತ್ರೆ ನುಂಗುವವರಿದ್ದಾರೆ. ಹದಿಮೂರು ಹದಿನಾಲ್ಕು ಗಂಟೆ ನೀರಿಲ್ಲದ ಶರೀರದಲ್ಲಿ ಮೂತ್ರಪಿಂಡ ಮೊದಲೇ ಬಿಗಿಹಿಡಿದು ಕೆಲಸ ಮಾಡುತ್ತಿರುತ್ತದೆ. ಎರಡನೆಯ ಕುಟುಂಬದ ಮಾತ್ರೆ ಅದಕ್ಕೆ ಭಾರ. ಇಫ್ತಾರಿನಲ್ಲಿ ಖರ್ಜೂರದ ಮೊದಲೇ ಖಾಲಿ ಹೊಟ್ಟೆಗೆ ಮಾತ್ರೆ ನುಂಗುವುದೂ ತಪ್ಪು. ತಿಂದು, ನೀರು ಕುಡಿದು, ಅಗತ್ಯವಿದ್ದರೆ ಪ್ಯಾರಸಿಟಮಾಲ್ ತೆಗೆದುಕೊಳ್ಳಿ.

ಮೊದಲ ಒಂದೆರಡು ದಿನದ ತಲೆ ನೋವು ಅನೇಕರಿಗೆ ಚಹಾ ಕಾಫಿ ತಪ್ಪಿದ್ದರಿಂದ ಬರುತ್ತದೆ. ಶಅಬಾನ್ ತಿಂಗಳಿನಲ್ಲೇ ಚಹಾ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಂದರೆ ಮಾತ್ರೆಯೇ ಬೇಕಾಗದಿರಬಹುದು. ರೋಗಿಗೆ ಉಪವಾಸ ಬಿಟ್ಟು ನಂತರ ಪೂರ್ತಿ ಮಾಡುವ ಅನುಮತಿಯನ್ನು ಕುರ್‌ಆನ್ ಸ್ಪಷ್ಟವಾಗಿ ಕೊಟ್ಟಿದೆ. ಅನುಮತಿ ಕೊಟ್ಟವನು ನಮ್ಮನ್ನು ಸೃಷ್ಟಿಸಿದವನೇ. ಮಾತ್ರೆಯ ಬಲದಿಂದ ರೋಗವನ್ನು ಅಡಗಿಸಿ ಉಪವಾಸ ಹಿಡಿದು ಶರೀರ ಕೆಡಿಸಿಕೊಳ್ಳುವುದು ಭಕ್ತಿಯಲ್ಲ.

ಮಾತ್ರೆಯಲ್ಲ, ವೈದ್ಯರು ಬೇಕಾದಾಗ

ನೋವು ಅಲ್ಲಾಹನು ಇಟ್ಟ ಎಚ್ಚರಿಕೆಯ ಗಂಟೆ. ಗಂಟೆಯ ಸದ್ದು ಅಡಗಿಸಿದ ಮಾತ್ರಕ್ಕೆ ಮನೆಯ ಬೆಂಕಿ ಆರುವುದಿಲ್ಲ. ಎದೆ ನೋವು, ಎದೆ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು ಬಂದರೆ ಗ್ಯಾಸು ಎಂದು ಮಾತ್ರೆ ಹುಡುಕಬೇಡಿ, 108ಕ್ಕೆ ಕರೆ ಮಾಡಿ. ಜೀವನದಲ್ಲೇ ಕಾಣದಂಥ ತಲೆ ನೋವು ಒಮ್ಮೆಲೇ ಬಡಿದರೆ, ಜ್ವರದೊಡನೆ ಕುತ್ತಿಗೆ ಬಿಗಿದರೆ, ಮುಖ ಸೊಟ್ಟಗಾದರೆ ತಡಮಾಡಬೇಡಿ. ನೋವಿನ ಮಾತ್ರೆ ತಿನ್ನುವಾಗ ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಮೂತ್ರ ಕಡಿಮೆಯಾದರೆ, ಕಾಲು ಊದಿದರೆ ಕೂಡಲೇ ತೋರಿಸಿ. ಜ್ವರ ಮೂರು ದಿನ ದಾಟಿದರೂ ತೋರಿಸಿ.

ಇನ್ನೊಂದು. ತಿಂಗಳಿಗೆ ಹದಿನೈದು ದಿನ ಅಥವಾ ಹೆಚ್ಚು ತಲೆ ನೋವಿನ ಮಾತ್ರೆ ತಿನ್ನುವವರಿಗೆ ಆ ಮಾತ್ರೆಯಿಂದಲೇ ತಲೆ ನೋವು ಬರತೊಡಗುತ್ತದೆ. ಮಿಶ್ರಣದ ಮಾತ್ರೆಯಾದರೆ ಹತ್ತು ದಿನ ಸಾಕು. ನೋವಿಗೆ ಮಾತ್ರೆ, ಮಾತ್ರೆಯಿಂದ ನೋವು. ಈ ಸುಳಿಯಲ್ಲಿ ಸಿಕ್ಕಿದವರಿಗೆ ಬೇಕಾದದ್ದು ಇನ್ನೊಂದು ಮಾತ್ರೆಯಲ್ಲ, ವೈದ್ಯರ ಸಹಾಯ.

ಇವತ್ತು ಮನೆಗೆ ಹೋಗಿ

ಸಹೋದರರೇ, ಸಹೋದರಿಯರೇ, ಇವತ್ತು ಊಟ ಮುಗಿಸಿ ಆ ಡಬ್ಬಿಯನ್ನು ಕೆಳಗಿಳಿಸಿ. ಅವಧಿ ಮುಗಿದದ್ದನ್ನು, ಹೆಸರು ಕಾಣದ ತುಂಡು ಪಟ್ಟಿಗಳನ್ನು ಬೇರೆ ತೆಗೆಯಿರಿ. ಉಳಿದದ್ದರ ಮೇಲೆ ಮದ್ದಿನ ಹೆಸರು ಓದಿ. ಯಾವುದು ಪ್ಯಾರಸಿಟಮಾಲ್, ಯಾವುದು ಎರಡನೆಯ ಕುಟುಂಬದ್ದು ಎಂದು ಪೆನ್ನಿನಿಂದ ಕನ್ನಡದಲ್ಲಿ ಬರೆದಿಡಿ. ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಲ್ಲಿ ಇಡಿ. ನಂತರ ನಿಮ್ಮ ತಾಯಿ ತಂದೆಯ ಬಳಿ ಕುಳಿತು, ಅವರು ದಿನಕ್ಕೆ ಏನೇನು ನುಂಗುತ್ತಾರೆ ಎಂದು ಕೇಳಿ. ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು, ಮುಂದಿನ ಸಲ ಡಾಕ್ಟರರಿಗೆ ತೋರಿಸಿ. ಹತ್ತು ನಿಮಿಷದ ಕೆಲಸ. ನಾನು ಅದನ್ನು ಎರಡು ವರ್ಷ ಮಾಡಲಿಲ್ಲ.

ಮೊನ್ನೆ ಉಮ್ಮ ನನ್ನನ್ನು ಕರೆದು, "ಮೊಣಕಾಲಿಗೆ ಒಂದು ಮಾತ್ರೆ ಇದೆಯಾ ಮಗಾ?" ಎಂದು ಕೇಳಿದರು. "ಇಲ್ಲ ಉಮ್ಮಾ" ಎಂದೆ. ಅವರ ಕಾಲಿನ ಬಳಿ ಕುಳಿತು ಜೆಲ್ ಹಚ್ಚಿ ಬಿಸಿ ಶಾಖ ಕೊಟ್ಟೆ. ಅರ್ಧ ಗಂಟೆ ಹಿಡಿಯಿತು. ಮಾತ್ರೆ ಕೊಡಲು ಅರ್ಧ ನಿಮಿಷ ಸಾಕಾಗುತ್ತಿತ್ತು. ಸೇವೆ ಎಂದರೆ ಆ ಅರ್ಧ ಗಂಟೆ ಎಂದು ನನಗೆ ಈಗ ಅರ್ಥವಾಗಿದೆ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ಕರುಣಿಸಲಿ. ನಮ್ಮ ಹೆತ್ತವರಿಗೆ ಆರೋಗ್ಯದ ಆಯುಷ್ಯ ಕೊಡಲಿ. ತಿಳಿಯದೆ ಮಾಡಿದ ತಪ್ಪುಗಳನ್ನು ಕ್ಷಮಿಸಲಿ, ತಿಳಿದ ಮೇಲೆ ತಿದ್ದಿಕೊಳ್ಳುವ ಶಕ್ತಿ ನೀಡಲಿ. ಆಮೀನ್.